ಕಾರವಾರ–ಅಂಕೋಲೆಯ ಕರಾವಳಿಯೂ ಪರರಾಷ್ಟ್ರಗಳ ಕಲಹವೂ

ಉತ್ತರಕನ್ನಡ ಜಿಲ್ಲೆಯಲ್ಲಿ ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯಲ್ಲಿ, ಬೇಲೆಕೇರಿಯ ಕೊಲ್ಲಿಗೆ ಸಮೀಪವಾಗಿ, ಹಟ್ಟಿಕೇರಿಯೆಂಬ ಗ್ರಾಮವಿರುವುದು. ಈ ಗ್ರಾಮವನ್ನು ಒಳಗೊಂಡ ಸೀಮೆಯ ಇಂದಿನ ರಾಜಕೀಯ ಸ್ಥಿತಿಯಲ್ಲಿ ಮೂರು ಸಂಗತಿಗಳು ಪ್ರಧಾನವಾಗಿವೆ. ಬಡಗಣ ದಿಕ್ಕಿನಲ್ಲಿ ಗೋವೆಯು ಬೇರೊಂದು ರಾಜ್ಯವಾಗಿರುವುದು ಒಂದು. ಕಾರವಾರವು ಯಾರಿಗೆ ಸೇರಬೇಕೆಂಬ ವಾದವು ಮಹಾರಾಷ್ಟ್ರದೊಡನೆ ಬಹುಕಾಲ ನಡೆದಿರುವುದು ಎರಡು. ಕಡಲತಡಿಯ ಬಹುಭಾಗವು ನೌಕಾಪಡೆಯ ವಶದಲ್ಲಿರುವುದು ಮೂರು. ಇವು ಮೂರೂ ನಿಸರ್ಗದಿಂದ ಸಿದ್ಧವಾದುವಲ್ಲ. ಅಲ್ಲಿಯ ಪ್ರಜೆಗಳು ಕೂಡಿ ನಿಶ್ಚಯಿಸಿದುವೂ ಅಲ್ಲ. ಪರರಾಷ್ಟ್ರಗಳ ಕಲಹಗಳು ಇವಕ್ಕೆ ಹೇಗೆ ಕಾರಣವಾದುವೆಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ನಿರೂಪಿಸಲಾಗುವುದು.

ಕಾರವಾರದ ಎದುರಿಗೆ ಸಮುದ್ರದಲ್ಲಿರುವ ಅಂಜದೀವವು ಈ ಕಥೆಯ ಆರಂಭಸ್ಥಾನ. ವಾಸ್ಕೋ ಡ ಗಾಮನು ೧೪೯೮ರಲ್ಲಿ ಸ್ವದೇಶಕ್ಕೆ ಮರಳುವಾಗ ಇಲ್ಲಿ ತಂಗಿದನು. ೧೫೦೫ರಲ್ಲಿ ಪೋರ್ತುಗೀಜರು ಇಲ್ಲಿ ಕೋಟೆಯನ್ನು ಕಟ್ಟಿ, ಬೇಗನೆ ಬಿಟ್ಟುಹೋದರು. ಮುಂಬಯಿಯನ್ನು ವಶಪಡಿಸಿಕೊಳ್ಳಲು ೧೬೬೨ರಲ್ಲಿ ಬಂದ ಆಂಗ್ಲ ಸೈನ್ಯಕ್ಕೆ ಪೋರ್ತುಗೀಜರು ಆ ಸ್ಥಳವನ್ನು ಒಪ್ಪಿಸದಿರಲು, ಅದು ಇದೇ ದ್ವೀಪದಲ್ಲಿ ಕಾಯುತ್ತ, ರೋಗಗಳಿಂದ ಬಹುಮಟ್ಟಿಗೆ ನಾಶವಾಯಿತು. ಸೇನಾಪತಿಯಾದ ಶಿಪ್‌ಮನ್ನನೂ ಇಲ್ಲಿಯೇ ಮೃತನಾದನು. ಸಂಭಾಜಿಯ ಭಯದಿಂದ ೧೬೮೨ರಲ್ಲಿ ಪೋರ್ತುಗೀಜರು ಮತ್ತೆ ಇಲ್ಲಿ ಕೋಟೆಯನ್ನು ಕಟ್ಟಿ ನೆಲೆನಿಂತರು. ಅತ್ತ ಆಂಗ್ಲ ವರ್ತಕರು ೧೬೩೮ರಲ್ಲಿ ಕಾರವಾರದಲ್ಲಿ ಕೋಠಿಯನ್ನು ತೆರೆದು ಮೆಣಸು ಮತ್ತು ಬಟ್ಟೆಗಳ ವ್ಯಾಪಾರಕ್ಕೆ ತೊಡಗಿದ್ದರು. ಈ ಕಾಲದಲ್ಲಿ ಪರಕೀಯರು ತೀರದ ಬಂದರಗಳನ್ನು ಬಯಸಿದರೇ ಹೊರತು ಒಳನಾಡಿನ ಸೀಮೆಗಳನ್ನು ಬದಲಿಸಲಿಲ್ಲ.

ಸೀಮೆಯು ಬದಲಾದುದು ಹದಿನೆಂಟನೆಯ ಶತಮಾನದಲ್ಲಿ. ಘಟ್ಟದ ಮೇಲಣ ಸೋದೆಯ ಅರಸರ ರಾಜ್ಯವು ಆಗ ಕಾರವಾರದ ಕರಾವಳಿಗೂ, ಅದಕ್ಕೆ ಬಡಗಣ ಕಾಣಕೋಣ, ಫೋಂಡೆಗಳಿಗೂ ವ್ಯಾಪಿಸಿದ್ದಿತು. ಕಾಳೀನದಿಯ ಮುಖದಲ್ಲಿರುವ ಸದಾಶಿವಗಡವು ಈ ವಂಶದವರು ಕಟ್ಟಿಸಿದ ದುರ್ಗವೇ. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರನ ಸೈನ್ಯವು ಸೋದೆಯ ಮೇಲೂ ಬೀಳಲು, ಇಮ್ಮಡಿ ಸದಾಶಿವರಾಯನು ಗೋವೆಗೆ ಹೋಗಿ ಪೋರ್ತುಗೀಜರ ಮರೆಹೊಕ್ಕನು. ದುರ್ಬಲನು ಬಲಿಷ್ಠನನ್ನು ಆಶ್ರಯಿಸುವುದನ್ನು ಅರ್ಥಶಾಸ್ತ್ರಕಾರರು ಷಾಡ್ಗುಣ್ಯದಲ್ಲಿ ಸಂಶ್ರಯವೆಂದು ಕರೆದಿರುವರು. ಆದರೆ ಸಂಶ್ರಯಕ್ಕೂ ಬೆಲೆಯುಂಟು. ಫೋಂಡೆ, ಕಾಣಕೋಣ ಮೊದಲಾದ ಪ್ರದೇಶಗಳು ಪೋರ್ತುಗೀಜರ ಕೈಸೇರಿ, ಅವರ ‘ನೂತನ ವಿಜಯ’ಗಳಲ್ಲಿ ಎಣಿಸಲ್ಪಟ್ಟುವು, ೧೭೯೧ರ ಒಪ್ಪಂದದಿಂದ ಈ ಸ್ವಾಧೀನವು ಸ್ಥಿರವಾಯಿತು. ಅರಸನ ಸಂತತಿಯವರು ಫೋಂಡೆಯ ಬಾಂದಿವಡೆಯಲ್ಲಿ ನೆಲೆಸಿದರು. ಕಾರವಾರವಾದರೋ ಹೈದರನಿಗೆ ದಕ್ಕಿತು. ಒಬ್ಬನೇ ಅರಸನಿಗೆ ಕಂದಾಯವನ್ನು ಸಲ್ಲಿಸುತ್ತಿದ್ದ ಮಾಜಾಳಿಯೂ ಕಾಣಕೋಣವೂ ಹೀಗೆ ಎರಡು ರಾಷ್ಟ್ರಗಳ ಅಂಚುಗಳಾದುವು. ಇಂದಿನ ಕರ್ನಾಟಕ–ಗೋವೆಗಳ ಕರಾವಳಿಯ ಗಡಿಗೆ ಮೂಲವು ಇದೇ.

ಅಲ್ಲಿಂದ ಮುಂದೆ ಈ ತೀರದ ಗತಿಯು ಇನ್ನೂ ದೂರದ ಕಲಹಗಳಿಗೆ ಅಧೀನವಾಯಿತು. ಅಮೇರಿಕದ ಸ್ವಾತಂತ್ರ್ಯಯುದ್ಧದಲ್ಲಿ ಫ್ರೆಂಚರು ಆಂಗ್ಲರಿಗೆ ವಿರೋಧಿಗಳಾಗಿ ನಿಲ್ಲಲು, ಆಂಗ್ಲರು ೧೭೭೯ರಲ್ಲಿ ಫ್ರೆಂಚರ ಮಾಹೆಯನ್ನು ಹಿಡಿದರು. ಹೈದರನು ಯುದ್ಧಕ್ಕೆ ಹೊರಟುದಕ್ಕೆ ಇದೂ ಒಂದು ಕಾರಣ. ಆ ಯುದ್ಧದಲ್ಲಿ ಮುಂಬಯಿಯ ಸೈನ್ಯವು ಹೊನ್ನಾವರ, ಕಾರವಾರ, ಸದಾಶಿವಗಡಗಳನ್ನು ಹಿಡಿದು, ೧೭೮೪ರ ಮಂಗಳೂರಿನ ಸಂಧಿಯಂತೆ ಟೀಪೂವಿಗೆ ಹಿಂದಿರುಗಿಸಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬೀಳಲು ಕನ್ನಡ ಜಿಲ್ಲೆಯೆಲ್ಲವೂ ಕಂಪನಿಗೆ ಸೇರಿ, ಮದರಾಸು ಆಧಿಪತ್ಯದ ಭಾಗವಾಯಿತು.

ಎರಡನೆಯ ದೊಡ್ಡ ಬದಲಾವಣೆಗೆ ಕಾರಣವಾದುದು ಖಡ್ಗವಲ್ಲ, ಅರಳೆ. ಲ್ಯಾಂಕಶೈರಿನ ಗಿರಣಿಗಳಿಗೆ ಅರಳೆಯು ಬಹುಪಾಲು ಅಮೇರಿಕದಿಂದ ಬರುತ್ತಿದ್ದಿತು. ಧಾರವಾಡದ ಅರಳೆಯನ್ನು ಘಟ್ಟವಿಳಿಸಿ ಸಮೀಪದ ಬಂದರದಿಂದ ಸಾಗಿಸಬೇಕೆಂಬ ಆಲೋಚನೆಯು ಆಂಗ್ಲ ವರ್ತಕರಲ್ಲಿ ಮೊದಲೇ ಇದ್ದಿತು. ೧೮೬೧ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧವು ಆರಂಭವಾಗಿ ಅಲ್ಲಿಯ ಅರಳೆಯು ನಿಂತುಹೋಗಲು, ಆ ಆಲೋಚನೆಗೆ ತ್ವರೆಯುಂಟಾಯಿತು. ಧಾರವಾಡವು ಮುಂಬಯಿಗೆ, ಕಾರವಾರವು ಮದರಾಸಿಗೆ ಸೇರಿದ್ದರೆ ಹಾದಿಯನ್ನೂ ಬಂದರವನ್ನೂ ಒಟ್ಟಿಗೆ ಬೆಳೆಸುವುದು ಕಷ್ಟವೆಂದು ೧೮೬೨ರಲ್ಲಿ ಉತ್ತರಕನ್ನಡವನ್ನು ಮುಂಬಯಿಗೆ ವರ್ಗಾಯಿಸಿ, ಕಾರವಾರವನ್ನು ಜಿಲ್ಲೆಯ ಮುಖ್ಯಸ್ಥಳವನ್ನಾಗಿ ಮಾಡಿದರು. ಕುಂದಾಪುರವು ಮದರಾಸಿನಲ್ಲಿಯೇ ಉಳಿಯಿತು. ನೆರೆಹೊರೆಯವಾದ ಭಟ್ಕಳ, ಕುಂದಾಪುರಗಳ ಕನ್ನಡಿಗರು ೧೯೫೬ರ ವರೆಗೆ, ಎಂದರೆ ೯೪ ವರ್ಷಗಳ ಕಾಲ, ಬೇರೆಬೇರೆ ಆಧಿಪತ್ಯಗಳ ಕಾಯಿದೆಗಳಿಗೆ ಒಳಪಟ್ಟಿರಬೇಕಾಯಿತು.

ಯಾವ ಪ್ರಯೋಜನಕ್ಕಾಗಿ ಈ ವಿಭಾಗವಾಯಿತೋ ಅದು ಮಾತ್ರ ನಿಲ್ಲಲಿಲ್ಲ. ೧೮೬೫ರಲ್ಲಿ ಅಮೇರಿಕದ ಯುದ್ಧವು ಮುಗಿಯಿತು, ಅರಳೆಯ ಬೆಲೆಯು ಕುಸಿಯಿತು. ೧೮೭೮ರಲ್ಲಿ ಆಂಗ್ಲರಿಗೂ ಪೋರ್ತುಗೀಜರಿಗೂ ಕರಾರಾಗಿ, ೧೮೮೮ರಲ್ಲಿ ಮುರಗಾಂವ ಬಂದರದಿಂದ ಕ್ಯಾಸಲ್‌ರಾಕಿನ ಮಾರ್ಗವಾಗಿ ರೈಲು ಘಟ್ಟವೇರಿತು. ಧಾರವಾಡ, ಹುಬ್ಬಳ್ಳಿಗಳ ಸರಕು ಆ ದಾರಿಯನ್ನು ಹಿಡಿಯಲು ಕಾರವಾರದ ಬಂದರವು ಸೊರಗಿತು. ಕಾರವಾರಕ್ಕೆ ರೈಲು ಬಂದುದು ಕೊಂಕಣ ರೈಲುಮಾರ್ಗದಿಂದ, ಶತಮಾನವೊಂದು ಕಳೆದ ಮೇಲೆ. ಕಾರಣವು ಅಳಿದರೂ ಕಾರ್ಯವು ಉಳಿಯಿತು. ಜಿಲ್ಲೆಯು ಮುಂಬಯಿಯಲ್ಲಿಯೇ ನಿಂತಿತು.

ಈ ಸೇರ್ಪಡೆಯು ಪ್ರಜೆಗಳ ರಾಜಕಾರಣಕ್ಕೂ ರೂಪವನ್ನು ಕೊಟ್ಟಿತು. ೧೯೩೦ರ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಕಾಯಿದೆಯು ಮುರಿಯಲ್ಪಟ್ಟಿತು. ತರುವಾಯ ಕರನಿರಾಕರಣೆಗೆ ತೊಡಗಿದ ರೈತರ ಹೊಲಗದ್ದೆಗಳನ್ನು ಸರಕಾರವು ಜಪ್ತಿಮಾಡಿತು. ಅಂಕೋಲೆಯು ‘ಕರ್ನಾಟಕದ ಬಾರ್ಡೋಲಿ’ಯೆಂದು ಹೆಸರಾಯಿತು. ೧೯೩೭ರಲ್ಲಿ ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಮಂತ್ರಿಮಂಡಲವು ಇಂತಹ ಭೂಮಿಗಳನ್ನು ಮರಳಿ ಕೊಡಿಸುವ ಕಾಯಿದೆಯನ್ನು ಮಾಡಿತು. ಗುಜರಾತಿನ ರೈತರಿಗೆ ದೊರೆತ ಪರಿಹಾರವು ಅಂಕೋಲೆಯ ರೈತರಿಗೂ ಸಂದುದು ಇಬ್ಬರೂ ಒಂದೇ ಪ್ರಾಂತಕ್ಕೆ ಸೇರಿದ್ದುದರಿಂದ. ಅರಳೆಗಾಗಿ ಎಳೆದ ಗೆರೆಯು ರೈತನ ಗದ್ದೆಯನ್ನು ಉಳಿಸಿತೆಂಬುದು ಇತಿಹಾಸದ ವೈಚಿತ್ರ್ಯ.

ಅದೇ ಗೆರೆಯು ವಿವಾದಕ್ಕೂ ಬೀಜವಾಯಿತು. ೧೯೫೬ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಲು, ಮಹಾರಾಷ್ಟ್ರವು ಕಾರವಾರ, ಹಳಿಯಾಳ, ಸೂಪಾಗಳನ್ನು ತನ್ನವೆಂದು ವಾದಿಸಿತು. ಕೊಂಕಣಿಯು ಸ್ವತಂತ್ರ ಭಾಷೆಯೋ ಮರಾಠಿಯ ಶಾಖೆಯೋ ಎಂಬ ಶಬ್ದಶಾಸ್ತ್ರದ ಪ್ರಶ್ನೆಯೇ ರಾಜ್ಯದ ಗಡಿಯ ಪ್ರಶ್ನೆಯಾಯಿತು. ಇದೇ ಪ್ರಶ್ನೆಯು ಗೋವೆಯಲ್ಲೂ ಎದ್ದು, ೧೯೬೭ರ ಜನಮತಸಂಗ್ರಹದಲ್ಲಿ ಅಲ್ಲಿಯ ಜನರು ಮಹಾರಾಷ್ಟ್ರದಲ್ಲಿ ವಿಲೀನವಾಗಲು ಒಪ್ಪಲಿಲ್ಲ. ಒಪ್ಪಿದ್ದರೆ ಮಹಾರಾಷ್ಟ್ರದ ಗಡಿಯು ಮಾಜಾಳಿಗೇ ಬರುತ್ತಿದ್ದಿತು. ಅದೇ ವರ್ಷ ಮಹಾಜನ ಆಯೋಗವು ವರದಿಯನ್ನು ಒಪ್ಪಿಸಿತಾದರೂ ವಿವಾದವು ಶಮಿಸಲಿಲ್ಲ. ಕಾರವಾರವು ಕರ್ನಾಟಕದಲ್ಲಿಯೇ ಉಳಿದಿರುವುದು.

ಮೂರನೆಯ ಸಂಗತಿಗೂ ಪೀಠಿಕೆಯು ಅಂಜದೀವದಲ್ಲಿಯೇ ಆಯಿತು. ೧೯೬೧ರ ನವೆಂಬರಿನಲ್ಲಿ ಅಲ್ಲಿಯ ಪೋರ್ತುಗೀಜ ಸೈನಿಕರು ‘ಸಾಬರಮತಿ’ಯೆಂಬ ಪ್ರಯಾಣಿಕರ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡುಹಾರಿಸಿದರು, ಮೀನುಗಾರನೊಬ್ಬನು ಮಡಿದನು. ಡಿಸೆಂಬರಿನಲ್ಲಿ ಭಾರತೀಯ ನೌಕಾಪಡೆಯು ದ್ವೀಪವನ್ನು ಗೆದ್ದಿತು. ಏಳು ಮಂದಿ ನಾವಿಕರು ಅಲ್ಲಿ ಪ್ರಾಣವನ್ನು ತೆತ್ತರು. ಕಾರವಾರದ ಎದುರಿಗಿದ್ದರೂ ಆ ದ್ವೀಪವು ಇಂದಿಗೂ ಗೋವೆಯ ಸೀಮೆಗೆ ಸೇರಿದುದು. ೧೯೭೧ರ ಪಾಕಿಸ್ತಾನದ ಯುದ್ಧದ ತರುವಾಯ, ಮುಂಬಯಿಯೊಂದನ್ನೇ ನಂಬಿರಲಾಗದೆಂಬ ವಿಚಾರವು ಬಲವಾಗಿ, ೧೯೮೬ರಲ್ಲಿ ‘ಸೀಬರ್ಡ್’ ನೌಕಾನೆಲೆಗೆ ಕಾರವಾರದಲ್ಲಿ ಶಂಕುಸ್ಥಾಪನೆಯಾಯಿತು. ೨೦೦೫ರಲ್ಲಿ ನೆಲೆಯು ‘ಕದಂಬ’ವೆಂಬ ನಾಮವನ್ನು ಪಡೆಯಿತು. ಇದಕ್ಕಾಗಿ ಕಾರವಾರ, ಅಂಕೋಲೆ ತಾಲೂಕುಗಳ ಸಾವಿರಾರು ರೈತ ಮತ್ತು ಮೀನುಗಾರ ಕುಟುಂಬಗಳು ಮನೆಮಾರು ಬಿಟ್ಟು ಏಳಬೇಕಾಯಿತು. ಪರಿಹಾರದ ಮೊಬಲಗಿನ ವ್ಯಾಜ್ಯಗಳು ವರ್ಷಾನುಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದುವು. ಪುನರ್ವಸತಿಯೇ ಈ ಸೀಮೆಯ ಚುನಾವಣೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತಾಯಿತು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ತತ್ತ್ವವು ಸ್ಪಷ್ಟವಾಗುವುದು. ಯುದ್ಧವು ಮುಗಿಯುವುದು; ಅದರ ಗೆರೆಗಳು ಮುಗಿಯುವುದಿಲ್ಲ. ಸೋದೆಯ ಅರಸನಿಲ್ಲ, ಗಡಿಯಿರುವುದು. ಲ್ಯಾಂಕಶೈರಿನ ಗಿರಣಿಗಳಿಲ್ಲ, ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಗಿರುವುದು. ದೇಶರಕ್ಷಣೆಗೆ ನೌಕಾನೆಲೆಯು ಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ೧೯೩೮ರ ವೇಳೆಗೆ ಜಪ್ತಿಯಾದ ಗದ್ದೆಯನ್ನು ಹಿಂದಿರುಗಿಸುವುದು ರಾಜಧರ್ಮವೆಂದು ಎಣಿಸಲ್ಪಟ್ಟಿದ್ದ ಸೀಮೆಯಲ್ಲಿ, ರಾಷ್ಟ್ರಕ್ಕಾಗಿ ನೆಲವನ್ನು ಬಿಟ್ಟವರ ಋಣವನ್ನು ಸಕಾಲದಲ್ಲಿ ತೀರಿಸುವುದೂ ಅದೇ ಧರ್ಮಕ್ಕೆ ಸೇರಿದುದು. ಹೊರಗಿನ ಕಲಹಗಳನ್ನು ತಡೆಯುವುದು ಹಟ್ಟಿಕೇರಿಯಂತಹ ಗ್ರಾಮಗಳ ಕೈಯಲ್ಲಿಲ್ಲ. ಅವುಗಳ ವೆಚ್ಚವನ್ನು ಆ ಗ್ರಾಮಗಳೇ ಹೊರದಂತೆ ನೋಡಿಕೊಳ್ಳುವುದು ಆಳುವವರ ಕೈಯಲ್ಲಿರುವುದು.