ಕಾಗದ ಕಾರ್ಖಾನೆಗಳಲ್ಲಿ ರಾಸಾಯನಿಕ ತ್ಯಾಜ್ಯದ ಕಡಿತ

ಕಾಗದ ಮತ್ತು ತಿರುಳು ಕಾರ್ಖಾನೆಗಳಲ್ಲಿ ರಾಸಾಯನಿಕ ತ್ಯಾಜ್ಯದ ಕಡಿತವೆಂದರೆ, ಮರ ಅಥವಾ ಬಿದಿರನ್ನು ಬೇಯಿಸಲು ಬಳಸಿದ ರಾಸಾಯನಿಕಗಳನ್ನು ಹೊರಗೆ ಹರಿಯಬಿಡದೆ ಮರಳಿ ಪಡೆಯುವ ಹಾಗೂ ಬಿಳುಪುಗೊಳಿಸುವ ಹಂತದಲ್ಲಿ ಹಾನಿಕರ ವಸ್ತುಗಳ ಬಳಕೆಯನ್ನು ತಗ್ಗಿಸುವ ಕ್ರಮ. ತ್ಯಾಜ್ಯವನ್ನು ಕೊನೆಯಲ್ಲಿ ಶುದ್ಧೀಕರಿಸುವುದಕ್ಕಿಂತ ಅದು ಹುಟ್ಟುವಲ್ಲಿಯೇ ತಡೆಯುವುದು ಇದರ ಮೂಲತತ್ತ್ವ.

ಕರ್ನಾಟಕದ ಹಿನ್ನೆಲೆ

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಅಣೆಕಟ್ಟಿನಿಂದ ಕೆಳಗೆ ಹರಿಯುವ ಭದ್ರಾ ನದಿಯು ಭದ್ರಾವತಿಯನ್ನು ಹಾದು, ಕೂಡಲಿಯಲ್ಲಿ ತುಂಗೆಯನ್ನು ಸೇರಿ ತುಂಗಭದ್ರೆಯಾಗುತ್ತದೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಭದ್ರಾವತಿಯಲ್ಲಿದೆ. ಹರಿಹರಕ್ಕೆ ಎದುರಿನ ದಡದ ಕುಮಾರಪಟ್ಟಣದಲ್ಲಿ ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು 1970ರ ದಶಕದಲ್ಲಿ ಆರಂಭವಾಯಿತು. 1980ರ ದಶಕದಲ್ಲಿ ಇದರ ಕೆಳಭಾಗದ ನದಿಯಲ್ಲಿ ಮೀನುಗಳು ಸತ್ತು, ದಡದ ಹಳ್ಳಿಗಳ ಜನರು ಹಾಗೂ ಮೀನುಗಾರರು ದೂರಿದಾಗ, ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠರ ನೇತೃತ್ವದಲ್ಲಿ ಚಳವಳಿ ನಡೆಸಿತು.

ಕಪ್ಪು ದ್ರವ

ಪ್ರಚಲಿತವಾದ ಕ್ರಾಫ್ಟ್ ವಿಧಾನದಲ್ಲಿ ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡ ಮತ್ತು ಸೋಡಿಯಂ ಸಲ್ಫೈಡ್‌ಗಳ ದ್ರಾವಣದಲ್ಲಿ ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯಿಸಲಾಗುತ್ತದೆ. ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಕರಗುತ್ತದೆ. ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ತಿರುಳಾಗಿ ದೊರೆಯುತ್ತದೆ. ಉಳಿದರ್ಧವು ಬಳಸಿದ ರಾಸಾಯನಿಕಗಳೊಡನೆ ಕಪ್ಪು ದ್ರವದಲ್ಲಿ ಸೇರಿರುತ್ತದೆ. ಇದು ನದಿಗೆ ಸೇರಿದರೆ, ಅದರಲ್ಲಿನ ಸಾವಯವ ವಸ್ತುಗಳನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಸಲ್ಫೈಡ್‌ಗಳೂ ವಿಷಕಾರಿ.

ಮರುಗಳಿಕೆಯ ಹಂತಗಳು

ತಿರುಳನ್ನು ತೊಳೆದಾಗ ಬರುವ ತೆಳು ಕಪ್ಪು ದ್ರವವನ್ನು ಆವಿಯಾಗಿಸಿ, ಅದರ ಘನಾಂಶವನ್ನು ಶೇಕಡಾ 65ಕ್ಕಿಂತ ಹೆಚ್ಚಿಸಲಾಗುತ್ತದೆ. ಗಟ್ಟಿಯಾದ ದ್ರವವನ್ನು ವಿಶೇಷ ಬಾಯ್ಲರಿನಲ್ಲಿ ಉರಿಸಿದಾಗ ಲಿಗ್ನಿನ್ ಇಂಧನವಾಗಿ ಉಗಿಯನ್ನೂ ವಿದ್ಯುತ್ತನ್ನೂ ಕೊಡುತ್ತದೆ. ತಳದಲ್ಲಿ ಕರಗಿದ ಸೋಡಿಯಂ ಕಾರ್ಬೊನೇಟ್ ಮತ್ತು ಸೋಡಿಯಂ ಸಲ್ಫೈಡ್ ಉಳಿಯುತ್ತವೆ. ಇವನ್ನು ನೀರಿನಲ್ಲಿ ಕರಗಿಸಿ ಸುಣ್ಣ ಬೆರೆಸಿದರೆ ಕಾರ್ಬೊನೇಟ್ ಮತ್ತೆ ಕಾಸ್ಟಿಕ್ ಸೋಡವಾಗಿ, ಬೇಯಿಸಲು ಯೋಗ್ಯವಾದ ದ್ರಾವಣ ಸಿದ್ಧವಾಗುತ್ತದೆ. ಕೆಳಗೆ ಕೂರುವ ಸುಣ್ಣದ ಕೆಸರನ್ನು ಗೂಡಿನಲ್ಲಿ ಸುಟ್ಟು ಪುನಃ ಸುಣ್ಣವನ್ನು ಪಡೆಯಬಹುದು. ಉತ್ತಮವಾಗಿ ನಡೆಯುವ ಕಾರ್ಖಾನೆಯಲ್ಲಿ ಬೇಯಿಸಲು ಬಳಸಿದ ರಾಸಾಯನಿಕಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ಮರಳಿ ದೊರೆಯುತ್ತವೆ.

ಈ ಚಕ್ರದಲ್ಲಿ ತೊಳೆಯುವಿಕೆಯು ನಿರ್ಣಾಯಕ. ಸರಿಯಾಗಿ ತೊಳೆಯದ ತಿರುಳಿನೊಡನೆ ಕಪ್ಪು ದ್ರವವು ಮುಂದೆ ಸಾಗಿ, ಸೋಡ ನಷ್ಟವಾಗುವುದಲ್ಲದೆ ಬಿಳುಪುಗೊಳಿಸಲು ಹೆಚ್ಚಿನ ರಾಸಾಯನಿಕ ಬೇಕಾಗುತ್ತದೆ. ಸೋರಿದ ದ್ರವವನ್ನೂ ಚರಂಡಿಗೆ ಬಿಡದೆ ಗುಂಡಿಯಲ್ಲಿ ಹಿಡಿದು ಚಕ್ರಕ್ಕೆ ಮರಳಿಸಬೇಕು.

ಬಿಳುಪುಗೊಳಿಸುವ ಹಂತ

ಕ್ಲೋರಿನ್ ಅನಿಲದಿಂದ ಬಿಳುಪುಗೊಳಿಸಿದಾಗ ಅದು ಉಳಿದ ಲಿಗ್ನಿನ್‌ನೊಡನೆ ಸೇರಿ, ಸುಲಭವಾಗಿ ಕೊಳೆಯದ ಕ್ಲೋರಿನ್‌ಯುಕ್ತ ಸಂಯುಕ್ತಗಳು ಹುಟ್ಟುತ್ತವೆ. ಅವುಗಳಲ್ಲಿ ಡಯಾಕ್ಸಿನ್‌ಗಳೂ ಇರಬಹುದು. ಈ ನೀರಿನ ಕ್ಲೋರೈಡ್ ಬಾಯ್ಲರನ್ನು ಸವೆಸುವುದರಿಂದ ಅದನ್ನು ಮರುಗಳಿಕೆಯ ಚಕ್ರಕ್ಕೆ ಸೇರಿಸುವುದು ಕಷ್ಟ. ಆದ್ದರಿಂದ ಮೊದಲು ಆಮ್ಲಜನಕದಿಂದ ಲಿಗ್ನಿನ್ನನ್ನು ಮತ್ತಷ್ಟು ತೆಗೆದು, ಬಳಿಕ ಕ್ಲೋರಿನ್ ಬದಲು ಕ್ಲೋರಿನ್ ಡೈಆಕ್ಸೈಡನ್ನು ಬಳಸುವ ಪದ್ಧತಿ ಬೆಳೆದಿದೆ. ಆಮ್ಲಜನಕದ ಹಂತದ ತೊಳೆನೀರನ್ನು ಚಕ್ರಕ್ಕೆ ಮರಳಿಸಬಹುದು.

ಕಾನೂನು ಮತ್ತು ಮಿತಿಗಳು

1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆಯ ಅನ್ವಯ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಕಾರ್ಯನಿರ್ವಹಿಸುತ್ತಿದೆ. 2003ರಲ್ಲಿ ಕೇಂದ್ರವು ಪ್ರಕಟಿಸಿದ ಉದ್ಯಮಗಳ ಪರಿಸರ ಹೊಣೆಗಾರಿಕೆಯ ಸನ್ನದು ಕಾಗದ ಉದ್ಯಮವನ್ನೂ ಒಳಗೊಂಡಿದೆ. ಚಿಕ್ಕ ಕಾರ್ಖಾನೆಗಳಿಗೆ ಮರುಗಳಿಕೆ ಘಟಕದ ವೆಚ್ಚವು ಭಾರವಾಗುತ್ತದೆ. ಭತ್ತದ ಹುಲ್ಲಿನಂತಹ ಕಚ್ಚಾವಸ್ತುಗಳಲ್ಲಿರುವ ಸಿಲಿಕಾ ಅಂಶವು ಆವಿಯಂತ್ರಗಳಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುವುದೂ ಒಂದು ತೊಡಕು. ಕೊಳೆನೀರಿಗೆ ಗಾಳಿಯೂದಿ ಸೂಕ್ಷ್ಮಜೀವಿಗಳಿಂದ ಶುದ್ಧೀಕರಿಸಿದರೂ ಲಿಗ್ನಿನ್‌ನ ಕಂದುಬಣ್ಣವು ಬಹುಮಟ್ಟಿಗೆ ಉಳಿಯುತ್ತದೆ. ಹೀಗಾಗಿ ಅಂತಿಮ ಶುದ್ಧೀಕರಣವು ಅಗತ್ಯವಾದರೂ ಅದು ಮರುಗಳಿಕೆಗೆ ಬದಲಿಯಾಗಲಾರದು.