ಪಪ್ಪಾಯಿಯಲ್ಲಿ ಅಡಗಿದ್ದ ವೈ ವರ್ಣತಂತು

ಪಪ್ಪಾಯಿ ಬೆಳೆಯುವವರು ಒಂದೊಂದು ಗುಣಿಗೆ ಮೂರು ನಾಲ್ಕು ಸಸಿ ನೆಡುವುದನ್ನು ನೀವು ನೋಡಿರಬಹುದು. ಹೂ ಬಿಡುವ ತನಕ ಗಂಡು ಯಾವುದು, ಹೆಣ್ಣು ಯಾವುದು ತಿಳಿಯದು. ತಿಳಿದ ಮೇಲೆ ಹತ್ತು ಹೆಣ್ಣಿಗೆ ಒಂದರಂತೆ ಗಂಡು ಗಿಡ ಉಳಿಸಿ ಮಿಕ್ಕವನ್ನು ಕೀಳುತ್ತಾರೆ. ಅಷ್ಟು ತಿಂಗಳ ನೀರು, ಗೊಬ್ಬರ ವ್ಯರ್ಥ. ಸಸಿಯಲ್ಲೇ ಲಿಂಗ ಪತ್ತೆ ಮಾಡಲಾಗದೆ?

ಯುರೋಪಿನ ಸೈಲೀನ್ ಲ್ಯಾಟಿಫೋಲಿಯ ಎಂಬ ಕಾಡುಗಿಡದಲ್ಲಿ ವೈ ವರ್ಣತಂತು ಎಕ್ಸ್‌ಗಿಂತಲೂ ದೊಡ್ಡದು. 1923ರಲ್ಲೇ ಅದು ಸೂಕ್ಷ್ಮದರ್ಶಕದಲ್ಲಿ ಕಂಡಿತ್ತು. ಪಪ್ಪಾಯಿಯಲ್ಲಿರುವುದು ಒಂಬತ್ತು ಜೊತೆ ಪುಟ್ಟ ವರ್ಣತಂತುಗಳು. ಯಾವ ಜೊತೆಯಲ್ಲೂ ಕಣ್ಣಿಗೆ ಹೊಳೆಯುವ ವ್ಯತ್ಯಾಸವಿಲ್ಲ. ಕಾಣದ್ದನ್ನು ಎಣಿಕೆಯಿಂದ ಹಿಡಿಯಬೇಕು. ಭೌತವಿಜ್ಞಾನದವನಾದ ನನಗೆ ಈ ಕಥೆ ಹಿಡಿಸಿದ್ದು ಅದಕ್ಕೇ.

ಪಪ್ಪಾಯಿಯಲ್ಲಿ ದ್ವಿಲಿಂಗಿ ಗಿಡಗಳೂ ಉಂಟು. ಕೊಡಗಿನ ಚೆಟ್ಟಳ್ಳಿಯಲ್ಲಿ ಆಯ್ದ 'ಕೂರ್ಗ್ ಹನಿ ಡ್ಯೂ' ತಳಿಯಲ್ಲಿ ಇರುವುದು ಹೆಣ್ಣು ಮತ್ತು ದ್ವಿಲಿಂಗಿ ಗಿಡಗಳೇ. ದ್ವಿಲಿಂಗಿ ಹೂವಿಗೆ ಅದರದೇ ಪರಾಗ ಸೋಕಿಸಿ ಬೀಜ ಬಿತ್ತಿದರೆ, ಮೆಂಡೆಲನ ಲೆಕ್ಕದಂತೆ ಮೂರು ದ್ವಿಲಿಂಗಿಗೆ ಒಂದು ಹೆಣ್ಣು ಬರಬೇಕು. ಬರುವುದು ಎರಡಕ್ಕೆ ಒಂದು! ಕಾಲು ಭಾಗ ಎಲ್ಲಿ ಹೋಯಿತು? 1938ರಲ್ಲಿ ಹಾಫ್‌ಮೆಯರ್ ಮತ್ತು ಸ್ಟೋರಿ ಪ್ರತ್ಯೇಕವಾಗಿ ಕೊಟ್ಟ ಉತ್ತರ: ಲಿಂಗ ನಿರ್ಧರಿಸುವ ಜೀನಿನ ಪ್ರಬಲ ರೂಪ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಭ್ರೂಣ ಬದುಕುವುದಿಲ್ಲ.

ಆದರೆ ಅದು ಬರಿಯ ಜೀನೋ, ಲಿಂಗ ವರ್ಣತಂತುವೋ? ಜೊತೆ ವರ್ಣತಂತುಗಳು ಲಿಂಗಾಣು ತಯಾರಾಗುವಾಗ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಒಂದೇ ಜೀನಾಗಿದ್ದರೆ ಅದರ ಅಕ್ಕಪಕ್ಕದ ಡಿಎನ್‌ಎ ಗುರುತುಗಳು ಆಗಾಗ ಅದರಿಂದ ಬೇರೆಯಾಗಬೇಕಿತ್ತು. ನೂರಾರು ಸಸಿಗಳಲ್ಲಿ ಹುಡುಕಿದರೂ ಅನೇಕ ಗುರುತುಗಳು ಲಿಂಗದೊಡನೆ ಅಂಟಿಕೊಂಡೇ ಬಂದವು. ವಿನಿಮಯ ನಿಂತುಹೋದ ಈ ಪ್ರದೇಶವನ್ನು 2004ರಲ್ಲಿ ಎಳೆಯ ವೈ ವರ್ಣತಂತು ಎಂದು ಗುರುತಿಸಲಾಯಿತು. ಗಂಡಿನದು ವೈ, ದ್ವಿಲಿಂಗಿಯದು ಅದರ ತುಸು ಭಿನ್ನ ರೂಪ. 2012ರ ಅಳತೆಯಂತೆ ದ್ವಿಲಿಂಗಿಯ ವೈಯಲ್ಲಿ ಈ ಭಾಗ ಸುಮಾರು 81 ಲಕ್ಷ ಪ್ರತ್ಯಾಮ್ಲ ಜೋಡಿ, ಎಕ್ಸ್‌ನಲ್ಲಿ 35 ಲಕ್ಷ. ವಿನಿಮಯವಿಲ್ಲದ ಕಡೆ ಪುನರಾವರ್ತಿತ ಡಿಎನ್‌ಎ ಕಸದಂತೆ ಗುಡ್ಡೆಬಿದ್ದಿದೆ.

ಈಗ ಎಳೆ ಎಲೆಯ ಚೂರು ಸಾಕು. ವೈಗೆ ಮಾತ್ರ ಸೇರಿದ ತುಣುಕನ್ನು ಪಿಸಿಆರ್ ವಿಧಾನದಿಂದ ವರ್ಧಿಸಿದರೆ ಗಂಡು, ದ್ವಿಲಿಂಗಿಗಳಲ್ಲಿ ಪಟ್ಟಿ ಮೂಡುತ್ತದೆ, ಹೆಣ್ಣಿನಲ್ಲಿ ಮೂಡುವುದಿಲ್ಲ. ಒಂದು ಎಚ್ಚರಿಕೆ: ಪಟ್ಟಿ ಮೂಡದಿರುವುದಕ್ಕೆ ಪ್ರಯೋಗ ಕೆಟ್ಟಿದ್ದೂ ಕಾರಣವಾಗಬಹುದು. ಆದ್ದರಿಂದ ಎಲ್ಲ ಗಿಡಗಳಲ್ಲೂ ಇರುವ ಇನ್ನೊಂದು ತುಣುಕನ್ನು ಜೊತೆಗೇ ವರ್ಧಿಸಬೇಕು. ಅದು ಮೂಡಿ ಇದು ಮೂಡದಿದ್ದರೆ ಮಾತ್ರ ಸಸಿ ಹೆಣ್ಣು.