ಬೆಂಗಳೂರಿನ ಕೆಳಗಿರೋ ಬಂಡೆ ನಿಜವಾಗ್ಲೂ ಸುಮ್ಮನಿದ್ಯಾ?

"ನಮ್ಮೂರಲ್ಲಿ ಭೂಕಂಪ ಆಗಲ್ಲ, ಕೆಳಗೆ ಗಟ್ಟಿ ಬಂಡೆ ಇದೆ." ಶಿವಾಜಿನಗರದಿಂದ ಕೆ.ಆರ್. ಪುರದವರೆಗೂ ಈ ಮಾತು ಕೇಳಿರ್ತೀರ. ಇದು ಅರ್ಧ ಮಾತ್ರ ನಿಜ. ಬಂಡೆ ಹಳೇದು, 250 ಕೋಟಿ ವರ್ಷಕ್ಕೂ ಹಿಂದಿನದು. ಆದ್ರೆ ಈ ಭಾಗದ ಬಂಡೆಯಲ್ಲಿ ದೊಡ್ಡ ಬಿರುಕುಗಳಿವೆ. ಬಿರುಕಿನ ಎರಡು ಪಕ್ಕಗಳು ಜರುಗಿದ್ರೆ ಅದೇ ಫಾಲ್ಟ್, ಕನ್ನಡದಲ್ಲಿ ಸ್ತರಭಂಗ.

ಅದು ಇತ್ತೀಚೆಗೆ ಜರುಗಿದ್ಯಾ ಅಂತ ಗೊತ್ತಾಗೋದು ಹೇಗೆ? ಒಂದು ದಾರಿ, ನದಿಯನ್ನ ನೋಡೋದು.

ಭೂವಿಜ್ಞಾನಿ ಕೆ.ಎಸ್. ವಾಲ್ದಿಯಾ ಕಾವೇರಿ ಕಣಿವೆಯಲ್ಲಿ ಹುಡುಕಿದ್ದು ಇದನ್ನೇ. 2000ದಲ್ಲಿ ಜಿ. ರಾಜಗೋಪಾಲನ್ ಜೊತೆ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ್ರು. ಅವರಿಗೆ ಸಿಕ್ಕ ಮುಖ್ಯ ಸಾಕ್ಷಿ ಕಪ್ಪು ಜೇಡಿಮಣ್ಣು. ಜೋರಾಗಿ ಹರಿಯೋ ನೀರು ಮರಳು, ಕಲ್ಲು ಬಿಟ್ಟು ಹೋಗುತ್ತೆ. ನುಣುಪು ಜೇಡಿ ದಪ್ಪಗೆ ಕೂರಬೇಕಂದ್ರೆ ನೀರು ತುಂಬಾ ಕಾಲ ನಿಂತಿರಬೇಕು. ಅಂದ್ರೆ ಒಂದು ಕಾಲದಲ್ಲಿ ಅಲ್ಲಿ ದೊಡ್ಡ ಸರೋವರಗಳಿದ್ದವು. ಸ್ತರಭಂಗದ ಒಂದು ಪಕ್ಕದ ನೆಲ ಮೇಲೆದ್ದು, ಅಣೆಕಟ್ಟಿನ ಥರ ನದಿಯನ್ನ ತಡೆದಿತ್ತು ಅನ್ನೋದು ಅವರ ವಿವರಣೆ.

ಯಾವಾಗ? ಜೇಡಿಯಲ್ಲಿರೋ ಇಂಗಾಲದಿಂದ ವಯಸ್ಸು ಲೆಕ್ಕ ಹಾಕಬಹುದು. ಈ ವಿಧಾನ ಸುಮಾರು 50 ಸಾವಿರ ವರ್ಷದವರೆಗೆ ಮಾತ್ರ ಕೆಲಸ ಮಾಡುತ್ತೆ. 250 ಕೋಟಿ ವರ್ಷದ ಬಂಡೆಗೆ ಅದು ನಿನ್ನೆ ಇದ್ದ ಹಾಗೆ.

ಹಾಗಂತ ನಾಳೆನೇ ಭೂಕಂಪ ಆಗುತ್ತೆ ಅಂತಲ್ಲ. ದಿನಾಂಕ ಹೇಳೋಕೆ ಯಾರಿಗೂ ಆಗಲ್ಲ. ಆದ್ರೆ ದಕ್ಷಿಣ ಭಾರತದಲ್ಲೂ ಆಗಿದೆ: 1900ರಲ್ಲಿ ಕೊಯಮತ್ತೂರು, 1993ರಲ್ಲಿ ಅದೇ ಪ್ರಸ್ಥಭೂಮಿಯ ಮಹಾರಾಷ್ಟ್ರದ ಕಿಲ್ಲಾರಿ. ಕಿಲ್ಲಾರಿ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯ 1ರಲ್ಲಿತ್ತು. ಅಲ್ಲಿ ಸಾವಿರಾರು ಜನ ಸತ್ತರು.

ನಮಗೆ ಎಷ್ಟು ದೊಡ್ಡದು ಬರಬಹುದು? ಐಐಎಸ್‌ಸಿಯ ಟಿ.ಜಿ. ಸೀತಾರಾಮ್, ಪಿ. ಅನ್ಬಳಗನ್ ಅಧ್ಯಯನ ಮಂಡ್ಯ-ಚನ್ನಪಟ್ಟಣ-ಬೆಂಗಳೂರು ರೇಖೆಗೆ ಹಾಕಿದ ಗರಿಷ್ಠ ಲೆಕ್ಕ ಸುಮಾರು 5.1. ಅದು ಮಧ್ಯಮ ಗಾತ್ರ. ಆದ್ರೆ ಮನೆ ಎಲ್ಲಿದೆ ಅನ್ನೋದು ಮುಖ್ಯ. ಬಂಡೆಗಿಂತ ಮೆತ್ತನೆ ಮಣ್ಣು ಜಾಸ್ತಿ ಕುಲುಕುತ್ತೆ. ನಮ್ಮ ಪೂರ್ವ ಭಾಗದಲ್ಲಿ ಹಳೇ ಕೆರೆ ಅಂಗಳಗಳು ಕಡಿಮೆ ಇಲ್ಲ. ದೊಮ್ಮಲೂರು ಪಕ್ಕದ ಗಾಲ್ಫ್ ಮೈದಾನ ಇರೋದೇ ಚಲ್ಲಘಟ್ಟ ಕೆರೆ ಜಾಗದಲ್ಲಿ.

ಮುಂದೆ ಬಾಡಿಗೆಗೆ ಮನೆ ನೋಡುವಾಗ ಅಡ್ವಾನ್ಸ್ ಎಷ್ಟು ಅನ್ನೋದರ ಜೊತೆ ಇನ್ನೆರಡು ಕೇಳಿ. ಇದು ಮೊದಲು ಕೆರೆ ಆಗಿತ್ತಾ? ಕೆಳಗೆ ಪಾರ್ಕಿಂಗ್‌ಗೆ ಬರೀ ಕಂಬಗಳಿದ್ರೆ, ಅವನ್ನ ಭೂಕಂಪ ತಡೆಯೋ ಹಾಗೆ ಇಂಜಿನಿಯರ್ ವಿನ್ಯಾಸ ಮಾಡಿದ್ದಾರಾ?